ಎಂಜಲು, ಲಿವರ್ರು, ಮತ್ತೆ ನಂದೇ ವೈರಸ್ಸು

ನಮ್ಮಮ್ಮ ಎಂಜಲಿನ ವಿಷಯದಲ್ಲಿ ಮೊದಲಿಂದಾನೂ ಭಾರಿ ಸ್ಟ್ರಿಕ್ಟು. ನೀರು ಕುಡಿದ್ರೆ ಲೋಟ ಎತ್ತಿ ಕುಡೀಬೇಕು, ಬಡಿಸೋವಾಗ ಸೌಟು ತಟ್ಟೆಗೆ ತಾಗಿದ್ರೆ ಮುಗೀತು ಕಥೆ, ಕಚ್ಚಿದ ಸೀಬೆಹಣ್ಣನ್ನ ಪಕ್ಕದ್ಮನೆ ಹುಡುಗನಿಗೆ ಕೊಟ್ಟಿದ್ದಕ್ಕೆ ಚಿಕ್ಕವನಿದ್ದಾಗ ಒದೆ ತಿಂದಿದೀನಿ. ಆದ್ರೆ ಅದೇ ಅಮ್ಮ ಮೊಮ್ಮಕ್ಕಳಿಗೆ ತಿನ್ನಿಸೋವಾಗ ಬಿಸಿ ಇದ್ಯಾ ಅಂತ ತನ್ನ ನಾಲಿಗೆಗೆ ಇಟ್ಟು ನೋಡೋದು, ಖಾರ ಇದ್ರೆ ಚೀಪಿಬಿಟ್ಟು ಆಮೇಲೆ ಮಗು ಬಾಯಿಗೆ ಇಡೋದು. ಏನಮ್ಮ ಇದು ಅಂದ್ರೆ "ಅಜ್ಜಿ ಎಂಜಲು ಎಂಜಲಲ್ಲ ಕಣೋ" ಅಂತ ಉತ್ತರ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಪುಟ್ಟಿಗೆ ಲಿವರ್ ಟ್ರಾನ್ಸ್‌ಪ್ಲಾಂಟ್ ಆದ್ಮೇಲೆ ನಮ್ಮನೇಲಿ ಒಂದು ಹೊಸ ಕಾನೂನು ಬಂತು. ಯಾರೂ ಅವಳಿಗೆ ಮುತ್ತು ಕೊಡಂಗಿಲ್ಲ, ಅವಳ ತಟ್ಟೆ ಲೋಟ ಚಮಚ ಬೇರೆ, ಹೊರಗಿಂದ ಬಂದವರು ಸೋಪಲ್ಲಿ ಕೈ ತೊಳೆದು ಮಾಸ್ಕ್ ಹಾಕ್ಕೊಂಡೇ ಒಳಗೆ ಬರಬೇಕು. ಅಮ್ಮಂಗೆ ಪಾಪ ತುಂಬಾ ಬೇಜಾರಾಯ್ತು ಆದ್ರೆ ಒಂದಿನಾನೂ ತಪ್ಪಲಿಲ್ಲ, ಅವರಷ್ಟು ಶಿಸ್ತಾಗಿ ನಾನೇ ಇರ್ಲಿಲ್ಲ. ಇಷ್ಟೆಲ್ಲ ಮಾಡಿ ಬಾಗಿಲು ಹಾಕ್ಕೊಂಡು ಕೂತಿದ್ರೆ ಕಳ್ಳ ಒಳಗಡೇನೇ ಇದ್ದ. ನಾನು ಕೊಟ್ಟ ಲಿವರ್ ತುಂಡಿನ ಜೊತೇಲೇ ಹೋಗಿದ್ದ, ಎಂಜಲಲ್ಲಿ ಹರಡೋ ಒಂದು ವೈರಸ್ಸು.

ಮೊದಲಿಂದ ಹೇಳ್ತೀನಿ. ನಾನು ತಿಪಟೂರಿನ ಹತ್ರ ಹೈಸ್ಕೂಲ್ ಮೇಷ್ಟ್ರು, ಡಾಕ್ಟರ್ ಅಲ್ಲ, ಆದ್ರೆ ಮೂರು ವರ್ಷದಲ್ಲಿ ಅರ್ಧ ಡಾಕ್ಟರ್ ಆಗಿದೀನಿ ಅಂತ ನನ್ನ ಹೆಂಡತಿ ಆಡ್ಕೊಳ್ತಾಳೆ. ಪುಟ್ಟಿ ಹುಟ್ಟಿದಾಗ ಎಲ್ಲಾ ಮಕ್ಕಳ ಥರಾನೇ ಹಳದಿ ಇದ್ಲು, ಬೆಳಿಗ್ಗೆ ಎಳೆ ಬಿಸಿಲಿಗೆ ಹಿಡೀರಿ ಹೋಗತ್ತೆ ಅಂದ್ರು, ಹಿಡಿದ್ವಿ. ಹೋಗ್ಲಿಲ್ಲ. ಕಕ್ಕ ಬಿಳಿ ಸುಣ್ಣದ ಥರ ಬರ್ತಿತ್ತು, ಅದೇ ಮುಖ್ಯವಾದ ಲಕ್ಷಣ ಅಂತ ನಮಗೆ ಗೊತ್ತಿರ್ಲಿಲ್ಲ. ಕಾಮಾಲೆಗೆ ನಾಟಿ ಔಷಧಿ ಕೊಡೋರ ಹತ್ರ ಹೋಗೋಣ ಅಂತ ನೆಂಟರು ಗಂಟು ಬಿದ್ರು, ಹಂಗೂ ಹಿಂಗೂ ಎರಡೂವರೆ ತಿಂಗಳು ಕಳೆದುಹೋಯ್ತು. ಬೆಂಗಳೂರಲ್ಲಿ ತೋರಿಸಿದಾಗ ಬಿಲಿಯರಿ ಅಟ್ರೀಸಿಯಾ ಅಂದ್ರು, ಅಂದ್ರೆ ಪಿತ್ತ ಹೊರಗೆ ಹೋಗೋ ನಾಳಾನೇ ಮುಚ್ಚಿಹೋಗಿರೋದು. ಕಸಾಯ್ ಅಂತ ಜಪಾನಿನ ಸರ್ಜನ್ 1950ರ ದಶಕದಲ್ಲಿ ಕಂಡುಹಿಡಿದ ಆಪರೇಷನ್ ಇದೆ, ಕರುಳನ್ನೇ ತಂದು ಲಿವರ್‌ಗೆ ಹೊಲಿಯೋದು, ಅದು ಎರಡು ತಿಂಗಳೊಳಗೆ ಆದ್ರೆ ಚೆನ್ನಾಗಿ ಕೆಲಸ ಮಾಡತ್ತಂತೆ. ನಮ್ಮದು ತಡ ಆಗಿತ್ತು, ಮಾಡಿದ್ರು, ಹಿಡೀಲಿಲ್ಲ. ಹನ್ನೊಂದು ತಿಂಗಳಿಗೆ ಏಳು ಕೇಜಿ ತೂಕದ ಮಗು, ಹೊಟ್ಟೆ ಮಾತ್ರ ತಂಬಿಗೆ ಥರ. ಟ್ರಾನ್ಸ್‌ಪ್ಲಾಂಟ್ ಒಂದೇ ದಾರಿ ಅಂದ್ರು.

ನನ್ನ ಬ್ಲಡ್ ಗ್ರೂಪ್ ಹೊಂದಿತು, ನಾನೇ ಕೊಟ್ಟೆ. ದೊಡ್ಡವರ ಲಿವರ್‌ನ ಎಡಗಡೆ ತುದಿ, ಹೆಚ್ಚೂ ಕಮ್ಮಿ ಕಾಲು ಭಾಗ, ಒಂದು ಮಗುಗೆ ಪೂರ್ತಿ ಲಿವರ್ ಆಗಿ ಸಾಲತ್ತೆ. ಕೊಟ್ಟವರ ಲಿವರ್ ಕೆಲವು ವಾರದಲ್ಲೇ ಬಹುಪಾಲು ಬೆಳ್ಕೊಳ್ಳತ್ತೆ. ನಮ್ಮ ದೇಶದಲ್ಲಿ ಮಕ್ಕಳಿಗೆ ಮೊದಲನೇ ಸಲ ಯಶಸ್ವಿಯಾಗಿ ಲಿವರ್ ಹಾಕಿದ್ದು 1998ರಲ್ಲಿ ದೆಹಲಿಯಲ್ಲಿ, ಅದೂ ಇದೇ ಕಾಯಿಲೆ, ಅದಕ್ಕೂ ಅಪ್ಪನೇ ಡೋನರ್, ಆ ಹುಡುಗ ದೊಡ್ಡವನಾಗಿ ತಾನೇ ಡಾಕ್ಟರ್ ಆದ. ಆಪರೇಷನ್ ಹಿಂದಿನ ರಾತ್ರಿ ನಾನು ಅದನ್ನ ನಾಲ್ಕು ಸಲ ಓದಿದ್ದೆ.

ಆಪರೇಷನ್ ಬಗ್ಗೆ ಬರೆಯಲ್ಲ, ಅದು ಚೆನ್ನಾಗೇ ಆಯ್ತು. ಆಮೇಲಿಂದು ಹೇಳ್ಬೇಕು.

ಟ್ರಾನ್ಸ್‌ಪ್ಲಾಂಟ್ ಆದ ಮನೆಯವರಿಗೆ ಒಂದೇ ಒಂದು ಭಯ ತಲೇಲಿ ಕೂರತ್ತೆ, ಅದು ರಿಜೆಕ್ಷನ್. ಮಗು ಮೈಯಿ ಹೊಸ ಲಿವರನ್ನ ಬೇರೆಯವರದ್ದು ಅಂತ ಗುರ್ತು ಹಿಡಿದು ಹೊಡೆಯೋಕೆ ಶುರು ಮಾಡೋದು. ಅದು ಆಗಬಾರ್ದು ಅಂತ ಟ್ಯಾಕ್ರೋಲಿಮಸ್ ಅನ್ನೋ ಔಷಧಿ, ಬೆಳಿಗ್ಗೆ ಎಂಟಕ್ಕೆ ರಾತ್ರಿ ಎಂಟಕ್ಕೆ, ಹನ್ನೆರಡು ಗಂಟೆ ಅಂತರ ಕರೆಕ್ಟಾಗಿ. ನಮ್ಮನೇಲಿ ದೇವರ ದೀಪ ಹಚ್ಚೋದು ತಪ್ಪಿರಬಹುದು ಆ ಎಂಟು ಗಂಟೆ ತಪ್ಪಿಲ್ಲ. ಟ್ರೈನಲ್ಲಿ ಕೊಟ್ಟಿದೀವಿ, ಮದುವೆ ಮನೆ ಅಡುಗೆಕೋಣೆಯಲ್ಲಿ ಕೊಟ್ಟಿದೀವಿ, ಅರಸೀಕೆರೆ ಸ್ಟೇಷನ್ ಬೆಂಚ್ ಮೇಲೆ ಕೂತು ಸಿರಿಂಜಲ್ಲಿ ಅಳೆದು ಕೊಟ್ಟಿದೀವಿ. ಒಂದು ಡೋಸ್ ತಪ್ಪಿದ್ರೆ ಲಿವರ್ ಹೋಗತ್ತೆ ಅನ್ನೋ ಥರ ಬದುಕ್ತೀವಿ. ಹಂಗಾಗಿ ಔಷಧಿ ಅಂದ್ರೆ ಒಳ್ಳೇದು, ಜಾಸ್ತಿ ಔಷಧಿ ಅಂದ್ರೆ ಜಾಸ್ತಿ ಸೇಫ್ ಅನ್ನೋ ಲೆಕ್ಕ ನಮಗೇ ಗೊತ್ತಿಲ್ದೆ ತಲೆಗೆ ಹತ್ತಿರತ್ತೆ.

ಈ ಲೆಕ್ಕ ತಪ್ಪು ಅಂತ ಗೊತ್ತಾಗೋಕೆ ನಮಗೆ ಏಳು ತಿಂಗಳು ಬೇಕಾಯ್ತು.

ಏಳನೇ ತಿಂಗಳು ಪುಟ್ಟಿಗೆ ಸಣ್ಣಗೆ ಜ್ವರ ಬರೋಕೆ ಶುರು ಆಯ್ತು, ಸಂಜೆ ಬರೋದು ಬೆಳಿಗ್ಗೆ ಹೋಗೋದು. ಊಟ ಬೇಡ ಅನ್ನೋಳು. ರಾತ್ರಿ ಗೊರಕೆ, ಒಂದೂವರೆ ವರ್ಷದ ಮಗು ದೊಡ್ಡವರ ಥರ ಗೊರಕೆ ಹೊಡೀತಿದ್ಲು, ನಾವು ನಕ್ಕಿದ್ವಿ ಅಪ್ಪನ ಲಿವರ್ ಜೊತೆ ಅಪ್ಪನ ಗೊರಕೇನೂ ಬಂದಿದೆ ಅಂತ. (ಆಮೇಲೆ ಗೊತ್ತಾಗಿದ್ದು, ಅದು ಟಾನ್ಸಿಲ್ ಊದ್ಕೊಂಡಿದ್ದು, ಅದೂ ಇದೇ ಕಾಯಿಲೆಯ ಒಂದು ಬಾಲ. ಆ ನಗು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ತೊಳೆಸತ್ತೆ.) ಬ್ಲಡ್ ಟೆಸ್ಟಲ್ಲಿ ಲಿವರ್ ಎನ್‌ಜೈಮ್, ಅಂದ್ರೆ ಲಿವರ್‌ಗೆ ಪೆಟ್ಟಾದ್ರೆ ರಕ್ತದಲ್ಲಿ ಏರೋದು, ಇನ್ನೂರು ದಾಟಿತ್ತು. ತಕ್ಷಣ ಬೆಂಗಳೂರಿಗೆ ಓಡಿದ್ವಿ, ಅಡ್ಮಿಟ್ ಮಾಡ್ಕೊಂಡ್ರು, ಡಾಪ್ಲರ್ ಸ್ಕ್ಯಾನಲ್ಲಿ ರಕ್ತನಾಳ ಎಲ್ಲ ಸರಿ ಇತ್ತು, ಸೂಜಿ ಹಾಕಿ ಬಯಾಪ್ಸಿ ತೆಗೆದ್ರು, ಅಂದ್ರೆ ಲಿವರ್‌ನ ಸಣ್ಣ ತುಂಡು. ಲಿವರ್ ಒಳಗೆ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣ ಗುಂಪು ಗುಂಪಾಗಿ ಸೇರ್ಕೊಂಡಿವೆ ಅಂತ ಬಂತು. ರಿಜೆಕ್ಷನ್ ಇರಬೇಕು ಅಂದ್ರು. ಮೂರು ದಿನ ಸ್ಟೀರಾಯ್ಡ್ ಡ್ರಿಪ್, ಟ್ಯಾಕ್ರೋಲಿಮಸ್ ಡೋಸ್ ಜಾಸ್ತಿ. ಎನ್‌ಜೈಮ್ ಸ್ವಲ್ಪ ಇಳೀತು, ನಾವು ಉಸಿರು ಬಿಟ್ವಿ, ಅಮ್ಮ ಊರಲ್ಲಿ ಕೆಂಪಮ್ಮನಿಗೆ ಹಣ್ಣು ಕಾಯಿ ಮಾಡಿಸಿದ್ರು. ಹತ್ತು ದಿನಕ್ಕೆ ಮೊದಲಿಗಿಂತ ಜಾಸ್ತಿ ಏರಿ ಕೂತಿತ್ತು, ಈ ಸಲ ಕಾಮಾಲೆ ತರೋ ಬಿಲಿರುಬಿನ್ನೂ ಜೊತೆಗೆ.

ಆಗ ಸಿಟಿ ಸ್ಕ್ಯಾನ್ ಮಾಡಿದ್ರು. ಲಿವರ್ ಒಳಗೆ ಮೂರು ನಾಲ್ಕು ಕಡೆ ಕಪ್ಪು ಗಂಟು, ಜೊತೆಗೆ ಲಿವರ್‌ನ ತೊಟ್ಟಿನ ಹತ್ರ, ತೆಂಗಿನಕಾಯಿಗೆ ತೊಟ್ಟು ಇರತ್ತಲ್ಲ ಹಂಗೆ ಲಿವರ್‌ಗೂ ಒಂದು ಜಾಗ ಇದೆ, ರಕ್ತನಾಳ ಪಿತ್ತನಾಳ ಎಲ್ಲ ಅಲ್ಲಿಂದಾನೇ ಒಳಗೆ ಹೊರಗೆ ಹೋಗೋದು, ಅಲ್ಲಿ ಒಂದು ಗಡ್ಡೆ ನಾಳಗಳನ್ನೆಲ್ಲ ಸುತ್ಕೊಂಡು ಕೂತಿತ್ತು. ಇಬಿವಿ ಪಿಸಿಆರ್ ಅಂತ ರಕ್ತದ ಟೆಸ್ಟು, ಇಬಿವಿ ಅನ್ನೋ ವೈರಸ್ ರಕ್ತದಲ್ಲಿ ಎಷ್ಟಿದೆ ಅಂತ ಅಳೆಯೋದು, ಅದರ ಸಂಖ್ಯೆ ಲಕ್ಷಗಳಲ್ಲಿ. ಹಳೇ ಬಯಾಪ್ಸಿ ಸ್ಲೈಡನ್ನೇ ಮತ್ತೆ ತೆಗೆದು ಬೇರೆ ಬಣ್ಣ ಹಾಕಿ ನೋಡಿದ್ರು, ಒಂದು ಹೊಸ ಬಯಾಪ್ಸೀನೂ ತೆಗೆದ್ರು. ಆ ಕಣಗಳ ಒಳಗೆಲ್ಲ ವೈರಸ್ ಇತ್ತು. ಪಿಟಿಎಲ್‌ಡಿ ಅಂದ್ರು, ಪೋಸ್ಟ್ ಟ್ರಾನ್ಸ್‌ಪ್ಲಾಂಟ್ ಲಿಂಫೋಪ್ರೊಲಿಫರೇಟಿವ್ ಡಿಸಾರ್ಡರ್.

ಇಷ್ಟುದ್ದ ಹೆಸರು ಕೇಳಿ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ, "ಕ್ಯಾನ್ಸರ್ರಾ ಡಾಕ್ಟ್ರೇ?"

ಡಾಕ್ಟ್ರು ಸ್ವಲ್ಪ ಹೊತ್ತು ಸುಮ್ನಿದ್ದು "ಪೂರ್ತಿ ಹೌದು ಅನ್ನೋಕೂ ಆಗಲ್ಲ ಮೇಡಂ, ಅಲ್ಲ ಅನ್ನೋಕೂ ಆಗಲ್ಲ, ಆದ್ರೆ ಇದರಲ್ಲಿ ಒಂದು ಒಳ್ಳೇ ವಿಷಯ ಇದೆ, ಕೆಲವು ಸಲ ಔಷಧಿ ಕಮ್ಮಿ ಮಾಡಿದ್ರೆ ಸಾಕು ತಾನಾಗೇ ಕರಗತ್ತೆ" ಅಂದ್ರು.

ಔಷಧಿ ಕಮ್ಮಿ ಮಾಡಿದ್ರೆ! ಏಳು ತಿಂಗಳು ಗಡಿಯಾರ ನೋಡ್ಕೊಂಡು ಬದುಕಿದವರಿಗೆ ಈ ಮಾತು ಹೆಂಗಿತ್ತು ಅಂದ್ರೆ, ಸ್ಟವ್ ಮೇಲೆ ಹಾಲಿಟ್ಟು ಮನೆ ಬೀಗ ಹಾಕ್ಕೊಂಡು ಜಾತ್ರೆಗೆ ಹೋಗಿ ಅಂದಂಗಿತ್ತು.

ಆವತ್ತು ರಾತ್ರಿ ವಾರ್ಡ್ ಕಾರಿಡಾರಲ್ಲಿ ಫೋನ್ ಹಿಡ್ಕೊಂಡು ಓದೋಕೆ ಶುರು ಮಾಡಿದ್ದು, ಇನ್ನೂ ನಿಲ್ಲಿಸಿಲ್ಲ. ನನಗೆ ಅರ್ಥ ಆಗಿರೋದನ್ನ ಹೇಳ್ತೀನಿ.

ಎಪ್‌ಸ್ಟೀನ್ ಬಾರ್ ವೈರಸ್, ಇಬಿವಿ. ಪ್ರಪಂಚದ ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನರ ಮೈಯಲ್ಲಿ ಇದೆ, ಇದನ್ನ ಓದ್ತಿರೋ ನಿಮ್ಮ ಮೈಯಲ್ಲೂ ಬಹುಶಃ ಇರತ್ತೆ. ಹರಡೋದು ಎಂಜಲಿಂದ. ನಮ್ಮ ಕಡೆ ಅಜ್ಜಿ ಚೀಪಿ ಕೊಟ್ಟ ತುತ್ತಲ್ಲೇ ಚಿಕ್ಕ ವಯಸ್ಸಿಗೆ ಬಂದುಬಿಡತ್ತೆ, ಸುಮ್ನೆ ನೆಗಡಿ ಜ್ವರದ ಥರ ಬಂದು ಹೋಗತ್ತೆ, ಗೊತ್ತೂ ಆಗಲ್ಲ. ಆದ್ರೆ ಹೋಗೋದು ಅಂದ್ರೆ ಪೂರ್ತಿ ಹೋಗಲ್ಲ, ಬಿ ಕಣ ಅಂತ ಬಿಳಿ ರಕ್ತಕಣ ಇವೆಯಲ್ಲ ಅದರೊಳಗೆ ಸೇರ್ಕೊಂಡು ಜೀವಮಾನ ಪೂರ್ತಿ ಮಲಗಿರತ್ತೆ. ಮಲಗಿರೋ ಹಂಗೆ ಕಾಯೋದು ಟಿ ಕಣಗಳ ಕೆಲಸ, ಅವು ಪೊಲೀಸು. ಈಗ ಟ್ರಾನ್ಸ್‌ಪ್ಲಾಂಟ್ ಆದವರಿಗೆ ಕೊಡೋ ಟ್ಯಾಕ್ರೋಲಿಮಸ್ ಏನು ಮಾಡತ್ತೆ ಅಂದ್ರೆ ಅದೇ ಟಿ ಕಣಗಳನ್ನ ಸುಮ್ನಿರಿಸತ್ತೆ, ಯಾಕಂದ್ರೆ ಲಿವರನ್ನ ಹೊಡೆಯೋಕೆ ಬರೋದೂ ಅವೇ. ಪೊಲೀಸರನ್ನ ಕಟ್ಟಿಹಾಕಿದ ಊರಲ್ಲಿ ಮಲಗಿದ್ದವನು ಏಳ್ತಾನೆ. ವೈರಸ್ ಇರೋ ಬಿ ಕಣಗಳು ಒಂದಕ್ಕೆರಡು ಎರಡಕ್ಕೆ ನಾಲ್ಕು ಅಂತ ಬೆಳೀತಾ ಹೋಗ್ತವೆ. ಮೊದಮೊದಲು ಬರೀ ಊತ, ಆಮೇಲೆ ನಾನಾ ಥರದ ಕಣಗಳು ಕಲೆತು ಬೆಳೆಯೋ ಹಂತ, ಕೊನೆಗೆ ಒಂದೇ ಥರದ ಕಣ ಗಡ್ಡೆ ಕಟ್ಟಿ ನೇರ ಲಿಂಫೋಮಾ ಕ್ಯಾನ್ಸರ್. ಪುಟ್ಟಿದು ಮಧ್ಯದ್ದು, ಪಾಲಿಮಾರ್ಫಿಕ್ ಅಂತ ರಿಪೋರ್ಟಲ್ಲಿತ್ತು. ಡಾಕ್ಟ್ರು ಹೌದೂ ಅಲ್ಲ, ಅಲ್ಲವೂ ಅಲ್ಲ ಅಂದಿದ್ದು ಅದಕ್ಕೇ.

ಮೊದಲೇ ವೈರಸ್ ಬಂದು ಹೋಗಿರೋರಿಗೆ ಸ್ವಲ್ಪ ರಕ್ಷಣೆ ಇರತ್ತೆ, ಟಿ ಕಣಗಳಿಗೆ ಇವನ ಮುಖ ಪರಿಚಯ ಇರತ್ತೆ. ಕಷ್ಟ ಯಾರಿಗೆ ಅಂದ್ರೆ ಒಂದು ಸಲಾನೂ ವೈರಸ್ ನೋಡದೇ ಇರೋ ಮಗುಗೆ ವೈರಸ್ ಇರೋ ದೊಡ್ಡವರ ಅಂಗ ಹಾಕಿದಾಗ. ಡೋನರ್ ಪಾಸಿಟಿವ್, ಮಗು ನೆಗೆಟಿವ್. ನಾವು ಕರೆಕ್ಟಾಗಿ ಅದೇ. ದೊಡ್ಡವರಲ್ಲಿ ಕಿಡ್ನಿ ಹಾಕಿಸ್ಕೊಂಡವರಿಗೆ ಈ ಕಾಯಿಲೆ ನೂರಕ್ಕೆ ಒಬ್ಬರಿಬ್ಬರಿಗೆ ಬರಬಹುದು, ಮಕ್ಕಳಲ್ಲಿ ಅದಕ್ಕಿಂತ ಜಾಸ್ತಿ, ಕರುಳು ಹಾಕಿಸ್ಕೊಂಡವರಲ್ಲಿ ಎಲ್ಲಕ್ಕಿಂತ ಜಾಸ್ತಿ, ಯಾಕಂದ್ರೆ ಕರುಳಿನ ಜೊತೆ ಡೋನರ್‌ನ ಲಿಂಫೋಸೈಟು ರಾಶಿ ಬರ್ತವೆ. ಲಿವರ್ ಜೊತೇಲೂ ಬರ್ತವೆ. ಲಿವರ್ ಅಂದ್ರೆ ಬರೀ ಲಿವರ್ ಕಣ ಅಲ್ಲ, ನನ್ನ ರಕ್ತದ ಕಣಗಳೂ ಅದರ ಸಂದಿಯಲ್ಲಿ ಕೂತಿರ್ತವೆ, ಎಷ್ಟು ತೊಳೆದ್ರೂ. ಅದರಲ್ಲಿ ಕೆಲವಕ್ಕೆ ನಾನು ಯಾವಾಗ್ಲೋ ಯಾರದ್ದೋ ಎಂಜಲಲ್ಲಿ ಪಡ್ಕೊಂಡ ವೈರಸ್ಸು.

ಟ್ರಾನ್ಸ್‌ಪ್ಲಾಂಟ್ ಫೈಲಲ್ಲಿ ಇದು ಮೊದಲೇ ಬರೆದಿತ್ತು, ಇಬಿವಿ ಐಜಿಜಿ (ವೈರಸ್ ಮೊದಲೇ ಬಂದು ಹೋಗಿದ್ಯಾ ಅಂತ ಹೇಳೋ ಟೆಸ್ಟು) ತಂದೆ ಪಾಸಿಟಿವ್ ಮಗು ನೆಗೆಟಿವ್ ಅಂತ. ನಾನು ಓದಿದ್ದೆ, ತಲೆಗೆ ಹೋಗಿರ್ಲಿಲ್ಲ. ಪ್ರತಿ ತಿಂಗಳು ಪಿಸಿಆರ್ ಮಾಡಿಸಿ ಅಂದಿದ್ರು. ಐದು ತಿಂಗಳು ಮಾಡಿಸಿದ್ವಿ, ಕಮ್ಮಿ ಇತ್ತು. ಆಮೇಲೆ ಮಗು ಚೆನ್ನಾಗಿದಾಳಲ್ಲ, ಅದಕ್ಕೊಂದಕ್ಕೇ ಅಂತ ಬೆಂಗಳೂರಿಗೆ ಹೋಗ್ಬೇಕು, ಸಾವಿರಾರು ರೂಪಾಯಿ, ಪರೀಕ್ಷೆ ಟೈಮು ಬೇರೆ ಸ್ಕೂಲಲ್ಲಿ, ಮುಂದಿನ ತಿಂಗಳು ಒಟ್ಟಿಗೆ ಮಾಡಿಸಿದ್ರಾಯ್ತು ಅಂತ ಎರಡು ತಿಂಗಳು ತಪ್ಪಿಸಿದ್ವಿ. ಅಲ್ಲ, ತಪ್ಪಿಸಿದ್ದು ನಾನು. ಟ್ರೈನ್ ಬುಕ್ ಮಾಡೋನು ನಾನು.

ಈ ಕಾಯಿಲೆ ಲಿವರಲ್ಲಿ ಬಂದಾಗ ಯಾಕೆ ಅಷ್ಟು ಮೋಸ ಮಾಡತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಥರ ಮನೆಯವರಿಗೆ ಉಪಯೋಗ ಆಗೋದು ಇದೇ. ಬೇರೆ ಕಡೆ ಗಂಟು ಬಂದ್ರೆ, ಕುತ್ತಿಗೆಯಲ್ಲಿ ಕಂಕುಳಲ್ಲಿ, ಕಣ್ಣಿಗೆ ಕಾಣತ್ತೆ ಕೈಗೆ ಸಿಗತ್ತೆ. ಲಿವರಲ್ಲಿ ಅದು ಮೂರು ವೇಷದಲ್ಲಿ ಬರಬಹುದು. ಒಂದು, ಗಂಟು ಗಂಟಾಗಿ, ಅದು ಸ್ಕ್ಯಾನಲ್ಲಿ ಕಾಣತ್ತೆ, ಆದ್ರೆ ಕೀವುಗಡ್ಡೆ ಥರಾನೂ ಕಾಣತ್ತೆ. ಇನ್ನೊಂದು, ಲಿವರ್ ತುಂಬಾ ಕಣಗಳು ಹರಡಿಕೊಳ್ಳೋದು, ಗಂಟೇ ಇರಲ್ಲ, ಸ್ಕ್ಯಾನ್ ನೋಡಿದ್ರೆ ಲಿವರ್ ಸ್ವಲ್ಪ ದಪ್ಪ ಇದೆ ಅಷ್ಟೇ ಅನ್ಸತ್ತೆ. ಮತ್ತೊಂದು ಆ ತೊಟ್ಟಿನ ಗಡ್ಡೆ, ಪಿತ್ತನಾಳ ಒತ್ತಿ ಮತ್ತೆ ಕಾಮಾಲೆ ತರ್ಸತ್ತೆ, ಆಗ ಹೊಲಿಗೆ ಹಾಕಿದ ಜಾಗದಲ್ಲಿ ನಾಳ ಕಿರಿದಾಗಿದೆ ಅಂದ್ಕೋಬಹುದು. ಮೂರರಲ್ಲೂ ಬ್ಲಡ್ ರಿಪೋರ್ಟ್ ಹೇಳೋದು ಒಂದೇ, ಎನ್‌ಜೈಮ್ ಜಾಸ್ತಿ ಇದೆ. ಹೊಸ ಲಿವರಲ್ಲಿ ಎನ್‌ಜೈಮ್ ಏರಿದ್ರೆ ಎಲ್ಲರ ಮನಸ್ಸು ಓಡೋದು ರಿಜೆಕ್ಷನ್ ಕಡೆಗೆ. ಬಯಾಪ್ಸಿ ಸೂಜೀಲಿ ಬರೋದು ಒಂದು ಶಾವಿಗೆ ಎಳೆಯಷ್ಟು ತುಂಡು. ಅದರಲ್ಲಿ ರಿಜೆಕ್ಷನ್ ಆದ್ರೂ ಲಿಂಫೋಸೈಟ್ ಗುಂಪು, ಪಿಟಿಎಲ್‌ಡಿ ಆದ್ರೂ ಲಿಂಫೋಸೈಟ್ ಗುಂಪು. ರಿಜೆಕ್ಷನ್‌ನಲ್ಲಿ ಟಿ ಕಣ ಜಾಸ್ತಿ, ಪಿತ್ತನಾಳದ ಗೋಡೆ ಕಡಿದಿರತ್ತೆ, ಇದರಲ್ಲಿ ಬಿ ಕಣ ಜಾಸ್ತಿ, ಮತ್ತೆ ಇಬರ್ ಅಂತ ಒಂದು ಸ್ಪೆಷಲ್ ಸ್ಟೇನ್ ಹಾಕಿದ್ರೆ ವೈರಸ್ ಇರೋ ಕಣ ಎದ್ದು ಕಾಣ್ತವೆ. ಆ ಸ್ಟೇನ್ ಹಾಕ್ಬೇಕು ಅಂತ ಅನುಮಾನ ಬರಬೇಕು, ಅಷ್ಟೇ.

ಚಿಕಿತ್ಸೆ ಮಾತ್ರ ಎರಡಕ್ಕೂ ಪೂರ್ವ ಪಶ್ಚಿಮ. ರಿಜೆಕ್ಷನ್ ಆದ್ರೆ ಇಮ್ಯೂನಿಟಿ ಇನ್ನೂ ಅದುಮಬೇಕು. ಇದಾದ್ರೆ ಬಿಡಬೇಕು. ನಮ್ಮ ಮಗುಗೆ ಮೊದಲು ಹತ್ತು ದಿನ ಉಲ್ಟಾ ಕೊಟ್ಟಿದ್ದು, ಬೆಂಕಿಗೆ ಎಣ್ಣೆ. ಅದಕ್ಕೆ ನಾನು ಡಾಕ್ಟ್ರ ಮೇಲೆ ಜಗಳ ಆಡಿದೀನಾ? ಒಂದು ದಿನ ಆಡಿದೆ, ಜೋರಾಗೇ. ಅವರು ಸಮಜಾಯಿಷಿ ಕೊಡ್ಲಿಲ್ಲ, "ಪಿಸಿಆರ್ ಕೈಯಲ್ಲಿ ಇದ್ದಿದ್ರೆ ಮೊದಲೇ ಯೋಚನೆ ಬರ್ತಿತ್ತು ಸರ್" ಅಂದ್ರು ಅಷ್ಟೇ. ಅವರು ನನ್ನ ಮೇಲೆ ಹಾಕೋಕೆ ಹೇಳಿದ್ದಲ್ಲ, ಆದ್ರೆ ನನ್ನ ಬಾಯಿ ಕಟ್ಟಿಹೋಯ್ತು.

ಓದ್ತಾ ಓದ್ತಾ ನನಗೆ 1984ನೇ ಇಸವಿ ಒಂಥರಾ ಗಂಟು ಬಿದ್ದಿದೆ. ಆ ವರ್ಷ ಫೆಬ್ರವರಿಯಲ್ಲಿ ಅಮೆರಿಕಾದಲ್ಲಿ ಡೇವಿಡ್ ವೆಟ್ಟರ್ ಅನ್ನೋ ಹನ್ನೆರಡು ವರ್ಷದ ಹುಡುಗ ತೀರಿಕೊಂಡ. ಹುಟ್ಟುವಾಗ್ಲೇ ರೋಗನಿರೋಧಕ ಶಕ್ತಿ ಇಲ್ಲ ಅಂತ ಹ್ಯೂಸ್ಟನ್‌ನಲ್ಲಿ ಪ್ಲಾಸ್ಟಿಕ್ ಗುಳ್ಳೆಯೊಳಗೆ ಇಟ್ಟು ಸಾಕಿದ್ರು, ಬಬಲ್ ಬಾಯ್ ಅಂತ ಪೇಪರಲ್ಲೆಲ್ಲ ಬರ್ತಿತ್ತು. ಹೆತ್ತವರು ಸಹ ಗ್ಲೌಸ್ ಹಾಕಿದ ಕೈಯಿಂದಾನೇ ಮುಟ್ಟಬೇಕು. ಕೊನೆಗೆ 1983ರಲ್ಲಿ ಅಕ್ಕನ ಬೋನ್ ಮ್ಯಾರೋ ಹಾಕಿದ್ರು, ಅದರಲ್ಲಿ ಇದೇ ಇಬಿವಿ ಮಲಗಿತ್ತು, ಟೆಸ್ಟಲ್ಲಿ ಸಿಕ್ಕಿರ್ಲಿಲ್ಲ. ಕೆಲವೇ ತಿಂಗಳಲ್ಲಿ ಮೈತುಂಬ ಗಡ್ಡೆ. ಹನ್ನೆರಡು ವರ್ಷ ಯಾವ ಕ್ರಿಮೀನೂ ತಾಗದಂಗೆ ಕಾದ ಮಗುಗೆ ಅದು ಅಕ್ಕನ ಪ್ರೀತಿಯ ಜೊತೆ ಬಂತು. ಆ ಅಕ್ಕನ ಬಗ್ಗೆ ನಾನು ಎಷ್ಟು ಸಲ ಯೋಚನೆ ಮಾಡಿದೀನೋ ಲೆಕ್ಕ ಇಲ್ಲ.

ಅದರ ಮುಂದಿನ ತಿಂಗಳೇ, ಮಾರ್ಚ್ 1984, ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಥಾಮಸ್ ಸ್ಟಾರ್ಜಲ್ ಮತ್ತೆ ಅವರ ಪಿಟ್ಸ್‌ಬರ್ಗ್ ತಂಡದವರು ಒಂದು ವರದಿ ಹಾಕಿದ್ರು. ಮನುಷ್ಯರಿಗೆ ಮೊಟ್ಟಮೊದಲು, 1963ರಲ್ಲಿ, ಲಿವರ್ ಟ್ರಾನ್ಸ್‌ಪ್ಲಾಂಟ್ ಪ್ರಯತ್ನ ಮಾಡಿದವರು ಇವರೇ. ಅಂಗ ಹಾಕಿಸ್ಕೊಂಡವರಿಗೆ ಲಿಂಫೋಮಾ ಬರತ್ತೆ ಅನ್ನೋದು 1960ರ ದಶಕದ ಕೊನೆಯಲ್ಲೇ ಗೊತ್ತಾಗಿತ್ತು. ಬಂದ್ರೆ ಮುಗೀತು ಅನ್ನೋ ಹಂಗಿತ್ತು. ಸ್ಟಾರ್ಜಲ್ ತಂಡ ಹೇಳಿದ್ದು ಏನು ಅಂದ್ರೆ, ಔಷಧಿ ಕಮ್ಮಿ ಮಾಡಿದ್ರೆ ಅಥವಾ ನಿಲ್ಲಿಸಿದ್ರೆ ಈ ಗಡ್ಡೆ ಕರಗಿದೆ, ಅಂಗಾನೂ ಹೋಗಿಲ್ಲ. ನಮ್ಮ ಡಾಕ್ಟ್ರು ಆವತ್ತು ನನ್ನ ಹೆಂಡತಿಗೆ ಹೇಳಿದ ಮಾತಿನ ಮೂಲ ಇದು.

ಇನ್ನೊಂದು ತಮಾಷೆ, ಟ್ಯಾಕ್ರೋಲಿಮಸ್ ಕಂಡುಹಿಡಿದಿದ್ದೂ ಅದೇ 1984ರಲ್ಲಿ, ಜಪಾನಿನ ತ್ಸುಕುಬಾ ಅನ್ನೋ ಊರಿನ ಮಣ್ಣಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ. ಅದಕ್ಕೆ ಮುಂಚೆ ಇದೇ ಕೆಲಸಕ್ಕೆ ಕೊಡ್ತಿದ್ದ ಸೈಕ್ಲೋಸ್ಪೋರಿನ್ ನಾರ್ವೆ ಮಣ್ಣಿನ ಬೂಷ್ಟಿಂದ ಬಂದಿದ್ದು. ಮಣ್ಣು ಮುಟ್ಟಬೇಡ ಮಣ್ಣು ಮುಟ್ಟಬೇಡ ಅಂತ ಪುಟ್ಟಿ ಹಿಂದೆ ಓಡ್ತಾ ಓಡ್ತಾ ಮಣ್ಣಿಂದ ಬಂದಿದ್ದನ್ನೇ ದಿನಕ್ಕೆರಡು ಸಲ ಕುಡಿಸ್ತೀವಿ.

ವೈರಸ್ ಕಥೆ ಅದಕ್ಕಿಂತ ಚೆನ್ನಾಗಿದೆ. ಉಗಾಂಡದಲ್ಲಿ ಡೆನಿಸ್ ಬರ್ಕಿಟ್ ಅನ್ನೋ ಐರಿಷ್ ಸರ್ಜನ್ ಮಕ್ಕಳ ದವಡೆಯಲ್ಲಿ ಬರೋ ಒಂದು ವಿಚಿತ್ರ ಗಡ್ಡೆ ನೋಡಿದ್ರು, 1961ರಲ್ಲಿ ಲಂಡನ್‌ನಲ್ಲಿ ಅದರ ಬಗ್ಗೆ ಭಾಷಣ ಮಾಡಿದಾಗ ಕೇಳೋಕೆ ಬಂದಿದ್ದ ಆಂಥನಿ ಎಪ್‌ಸ್ಟೀನ್‌ಗೆ ಇದರಲ್ಲಿ ವೈರಸ್ ಇರಬಹುದು ಅಂತ ಅನುಮಾನ ಬಂತು. ಕಂಪಾಲಾದಿಂದ ವಿಮಾನದಲ್ಲಿ ಗಡ್ಡೆ ತುಂಡು ತರಿಸ್ಕೊಂಡು ವರ್ಷಗಟ್ಟಲೆ ನೋಡಿದ್ರೂ ಏನೂ ಸಿಗ್ಲಿಲ್ಲ. ಒಂದು ಸಲ ಲಂಡನ್‌ನಲ್ಲಿ ಮಂಜು ಮುಸುಕಿ ವಿಮಾನ ಮ್ಯಾಂಚೆಸ್ಟರ್‌ಗೆ ಹೋಯ್ತು, ಸ್ಯಾಂಪಲ್ ಬರೋ ಹೊತ್ತಿಗೆ ನೀರೆಲ್ಲ ಕದಡಿತ್ತು, ಕೆಟ್ಟಿದೆ ಅಂತ ಎಸೀದೆ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಬ್ಯಾಕ್ಟೀರಿಯಾ ಅಲ್ಲ, ಗಡ್ಡೆಯ ಕಣಗಳೇ ಬಿಡಿಬಿಡಿಯಾಗಿ ತೇಲ್ತಿದ್ವು. ಆ ಕಣಗಳನ್ನ ಬೆಳೆಸಿ 1964ರಲ್ಲಿ ವೈರಸ್ ಹಿಡಿದ್ರು. ಎಪ್‌ಸ್ಟೀನ್ ಜೊತೆ ಇದ್ದವರು ಇವೊನ್ ಬಾರ್ ಮತ್ತೆ ಬರ್ಟ್ ಅಚಾಂಗ್. ಅಚಾಂಗ್ ಹೆಸರು ವೈರಸ್‌ಗೆ ಇಡ್ಲಿಲ್ಲ ಪಾಪ. ಇವೊನ್ ಬಾರ್ ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ಹೈಸ್ಕೂಲ್ ಮೇಡಂ ಆದ್ರು. ನನ್ನ ಥರ ಮೇಷ್ಟ್ರ ಕೆಲಸ! ಇದನ್ನ ಸ್ಟಾಫ್ ರೂಮಲ್ಲಿ ಹೇಳಿದ್ರೆ ಯಾರಿಗೂ ಅಂಥಾ ಖುಷಿ ಏನೂ ಆಗ್ಲಿಲ್ಲ, ನನಗೆ ಮಾತ್ರ ಆಯ್ತು.

ಸರಿ, ಪುಟ್ಟಿ ವಿಷಯಕ್ಕೆ ಬರ್ತೀನಿ. ಟ್ಯಾಕ್ರೋಲಿಮಸ್ ಪೂರ್ತಿ ನಿಲ್ಲಿಸಿದ್ರು. ಮೊದಲನೇ ರಾತ್ರಿ ಎಂಟು ಗಂಟೆಗೆ ಅಲಾರಂ ಹೊಡೀತು, ಆಫ್ ಮಾಡೋಕೆ ಮರೆತಿದ್ವಿ. ಇಬ್ರೂ ಒಬ್ಬರ ಮುಖ ಒಬ್ರು ನೋಡ್ಕೊಂಡು ಕೂತ್ವಿ. ಅವಳು ಅಳೋಕೆ ಶುರು ಮಾಡಿದ್ಲು, ಕೊಡೋಣ ರೀ ಒಂದೇ ಒಂದು ಡೋಸ್ ಅಂತ. ವಾರಕ್ಕೆರಡು ಸಲ ರಕ್ತ ತೆಗೀತಿದ್ರು, ಲಿವರ್ ರಿಜೆಕ್ಟ್ ಆಗ್ತಿದ್ಯಾ ಅಂತ. ಹಾರ್ಟ್ ಆಗಿದ್ರೆ ಇಷ್ಟು ಧೈರ್ಯ ಮಾಡೋಕಾಗಲ್ಲ, ಲಿವರ್ ಸ್ವಲ್ಪ ಸಹನೆ ಇರೋ ಅಂಗ, ರಿಜೆಕ್ಷನ್ ಆದ್ರೂ ಹಿಡಿದು ಸರಿ ಮಾಡೋಕೆ ಟೈಮ್ ಕೊಡತ್ತೆ ಅಂತ ಡಾಕ್ಟ್ರು ಹೇಳಿದ್ದೇ ಧೈರ್ಯ.

ಮೂರು ವಾರಕ್ಕೆ ಗೊರಕೆ ನಿಂತಿತು. ಜ್ವರ ಹೋಯ್ತು. ಪಿಸಿಆರ್ ಇಳೀತು. ಆದ್ರೆ ಸ್ಕ್ಯಾನಲ್ಲಿ ಲಿವರ್ ಗಂಟು ಸ್ವಲ್ಪ ಸಣ್ಣ ಆಗಿದ್ವು ಅಷ್ಟೇ, ತೊಟ್ಟಿನ ಗಡ್ಡೆ ಅಲ್ಲಾಡಿರ್ಲಿಲ್ಲ, ಪಿತ್ತನಾಳ ಒತ್ತಿತ್ತು, ಹೊಟ್ಟೆ ಮೇಲಿಂದ ಟ್ಯೂಬ್ ಹಾಕಿ ಪಿತ್ತ ಹೊರಗೆ ತೆಗೀಬೇಕಾಗಬಹುದು ಅನ್ನೋ ಮಾತು ಬಂತು. ಅದಕ್ಕೆ ರಿಟುಕ್ಸಿಮ್ಯಾಬ್ ಶುರು ಮಾಡಿದ್ರು. ಬಿ ಕಣದ ಮೈಮೇಲೆ ಸಿಡಿ20 ಅಂತ ಒಂದು ಗುರುತು ಇರತ್ತೆ, ಈ ಔಷಧಿ ಅದನ್ನೇ ಹುಡುಕ್ಕೊಂಡು ಹೋಗಿ ಅಂಟ್ಕೊಂಡು ಆ ಕಣ ಸಾಯಿಸತ್ತೆ. ವಾರಕ್ಕೊಂದು, ನಾಲ್ಕು ವಾರ. ಕೊಡೋ ಮುಂಚೆ ಹೆಪಟೈಟಿಸ್ ಬಿ ಇದ್ಯಾ ಅಂತ ನೋಡ್ತಾರೆ, ಇದ್ರೆ ಅದು ಕೆರಳತ್ತಂತೆ. ಅಮೆರಿಕಾದಲ್ಲಿ 1997ರಲ್ಲಿ ಬಂದ ಔಷಧಿ ಇದು, ಬೆಲೆ ಕೇಳಿದ್ರೆ ತಲೆ ತಿರುಗ್ತಿತ್ತಂತೆ, 2007ರಲ್ಲಿ ಹೈದರಾಬಾದಿನ ಡಾಕ್ಟರ್ ರೆಡ್ಡೀಸ್ ಇಲ್ಲೇ ತಯಾರು ಮಾಡೋಕೆ ಶುರು ಮಾಡಿದ್ಮೇಲೆ ನಮ್ಮಂಥವರ ಕೈಗೂ ಬರೋ ಹಂಗಾಯ್ತು. ಮೊದಲನೇ ಡೋಸಿಗೆ ಗಡಗಡ ಚಳಿ ಜ್ವರ ಬಂದು ಹೆದರಿಸಿದ್ಲು, ಡ್ರಿಪ್ ನಿಧಾನ ಮಾಡಿದ್ರು, ಸರಿ ಹೋಯ್ತು. ಮಿಕ್ಕ ಮೂರಕ್ಕೆ ನನ್ನ ತೊಡೆ ಮೇಲೆ ನಿದ್ದೆ.

ಅದಕ್ಕೂ ಬಗ್ಗದಿದ್ರೆ ಕೀಮೋ ಇತ್ತು. ಅದೂ ಆಗದಿದ್ರೆ ವೈರಸ್ ಪರಿಚಯ ಇರೋ ಟಿ ಕಣಗಳನ್ನ ಬೇರೆಯವರಿಂದ ತೆಗೆದು ಬೆಳೆಸಿ ಕೊಡೋ ಚಿಕಿತ್ಸೆ ಇದೆ, ಅಂದ್ರೆ ಬಾಡಿಗೆ ಪೊಲೀಸು. ಯೂರೋಪಲ್ಲಿ 2022ರ ಡಿಸೆಂಬರಲ್ಲಿ ಅಂಥದ್ದೊಂದಕ್ಕೆ ಅನುಮತಿ ಸಿಕ್ತು. ನಮಗೆ ಅಲ್ಲಿವರೆಗೂ ಹೋಗೋ ಪ್ರಮೇಯ ಬರ್ಲಿಲ್ಲ. ನಾಲ್ಕನೇ ಡೋಸ್ ಆಗಿ ತಿಂಗಳಿಗೆ ಗಡ್ಡೆ ಇದ್ರೆ ಹೊಳೆದು ಕಾಣೋ ಪೆಟ್ ಸ್ಕ್ಯಾನಲ್ಲಿ ಎಲ್ಲೂ ಏನೂ ಹೊಳೀಲಿಲ್ಲ. ಟ್ಯೂಬೂ ಹಾಕ್ಲಿಲ್ಲ.

ಕಥೆ ಇಲ್ಲಿಗೆ ಮುಗೀತು ಅಂದ್ಕೊಂಡ್ರೆ ತಪ್ಪು. ಎರಡು ತಿಂಗಳಾದ್ಮೇಲೆ ಎನ್‌ಜೈಮ್ ಮತ್ತೆ ಏರ್ತು, ನನ್ನ ಜೀವ ಬಾಯಿಗೆ ಬಂತು, ಈ ಸಲ ಬಯಾಪ್ಸಿಯಲ್ಲಿ ನಿಜವಾಗ್ಲೂ ರಿಜೆಕ್ಷನ್ನೇ. ಸಣ್ಣದು. ಟ್ಯಾಕ್ರೋಲಿಮಸ್ ವಾಪಸ್ ಶುರು, ಆದ್ರೆ ಮೊದಲು ರಕ್ತದಲ್ಲಿ ಲೆವೆಲ್ ಎಂಟು ಹತ್ತು ಇಡ್ತಿದ್ರು, ಈಗ ಮೂರು ನಾಲ್ಕರ ಹತ್ರ. ಜಾಸ್ತಿ ಆದ್ರೆ ವೈರಸ್ ಏಳತ್ತೆ, ಕಮ್ಮಿ ಆದ್ರೆ ಲಿವರ್ ಮುನಿಯತ್ತೆ. ರಿಪೋರ್ಟ್ ವಾಟ್ಸಾಪಲ್ಲಿ ಬಂದಾಗ ನಾನು ಎರಡು ನಂಬರ್ ನೋಡ್ತೀನಿ, ಟ್ಯಾಕ್ರೋ ಲೆವೆಲ್ಲು ಮತ್ತೆ ಪಿಸಿಆರ್, ಎನ್‌ಜೈಮ್ ಆಮೇಲೆ. ಅದಾದ್ಮೇಲೆ ಪಿಸಿಆರ್ ಒಂದು ತಿಂಗಳೂ ತಪ್ಪಿಸ್ಲಿಲ್ಲ, ಈಗ ಮೂರು ತಿಂಗಳಿಗೊಂದು ಸಾಕು ಅಂದಿದಾರೆ.

ಇತ್ತೀಚೆಗೆ ಅದೇ ವಾರ್ಡಿನ ಪರಿಚಯದ ಒಬ್ರು ಫೋನ್ ಮಾಡಿದ್ರು, ದಾವಣಗೆರೆ ಕಡೆಯವರು, ಅವರ ಮಗನಿಗೆ ಆಪರೇಷನ್ ಆಗಿ ನಾಲ್ಕು ತಿಂಗಳು. ಅಣ್ಣಾ, ಎಲ್ಲಾ ಚೆನ್ನಾಗಿದೆ, ಈ ಇಬಿವಿ ಟೆಸ್ಟ್ ಒಂದು ಕಾಸ್ಟ್ಲಿ, ಒಂದು ತಿಂಗಳು ಬಿಟ್ಟು ಮಾಡಿಸ್ಲಾ ಅಂತ. ನಾನು ಮೇಲೆ ಬರೆದಿದ್ದನ್ನೆಲ್ಲ ಅವರಿಗೆ ಮುಕ್ಕಾಲು ಗಂಟೆ ಹೇಳಿದೆ, ಫೋನ್ ಬಿಸಿ ಆಗೋವರೆಗೂ. ಅದಾದ್ಮೇಲೇನೇ ಇದನ್ನ ಬರೆದಿಡೋಣ ಅನ್ಸಿದ್ದು.

ನನ್ನಿಂದ ಬಂತು ಅನ್ನೋದರ ಬಗ್ಗೆ ಡಾಕ್ಟ್ರನ್ನ ಒಂದು ಸಲ ನೇರವಾಗಿ ಕೇಳಿದೆ. "ಹೆಚ್ಚಾಗಿ ನಿಮ್ಮ ಲಿವರ್ ಜೊತೇನೇ ಬಂದಿರತ್ತೆ ಸರ್, ಆದ್ರೆ ನಿಮ್ಮ ಬದಲು ಯಾರು ಕೊಟ್ಟಿದ್ರೂ ಅವರದ್ದೂ ಪಾಸಿಟಿವ್ವೇ ಇರ್ತಿತ್ತು, ನೆಗೆಟಿವ್ ಇರೋ ದೊಡ್ಡವರನ್ನ ಎಲ್ಲಿಂದ ಹುಡುಕ್ತೀರ" ಅಂದ್ರು. ಇದನ್ನ ಅಮ್ಮಂಗೆ ಹೇಳಿದೆ. ಅಮ್ಮ ಬಹಳ ಹೊತ್ತು ಏನೂ ಮಾತಾಡದೆ ಅವರೆಕಾಯಿ ಬಿಡಿಸ್ತಾ ಕೂತಿದ್ರು, ಆಮೇಲೆ "ನಿಂಗೆ ನಾನೇ ಕೊಟ್ಟಿದ್ದಿರ್ಬೇಕು ಬಿಡು, ಚೀಪಿ ಚೀಪಿ ತಿನ್ನಿಸ್ತಿದ್ದೆ" ಅಂದ್ರು.

ಪುಟ್ಟಿಗೆ ಈಗ ನಾಲ್ಕು ವರ್ಷ. ಅಂಗನವಾಡಿಗೆ ಹೋಗ್ತಾಳೆ. ನಿನ್ನೆ ಕೊಬ್ಬರಿ ಮಿಠಾಯಿ ಅರ್ಧ ಕಚ್ಚಿ ಉಳಿದಿದ್ದನ್ನ ಅಜ್ಜಿ ಬಾಯಿಗೆ ತುರುಕಿದ್ಲು, ಅಮ್ಮ ನನ್ನ ಮುಖ ನೋಡಿದ್ರು, ನಾನು ಪೇಪರ್ ಕರೆಕ್ಷನ್ ಮಾಡ್ತಿದ್ದವನು ನೋಡದೇ ಇದ್ದಂಗೆ ತಲೆ ಬಗ್ಗಿಸ್ಕೊಂಡೆ. ಅವರು ತಿಂದ್ರು. ಮುಂದಿನ ಪಿಸಿಆರ್ ಬರೋ ಹದಿನಾಲ್ಕಕ್ಕೆ, ಟ್ರೈನ್ ಬುಕ್ ಆಗಿದೆ.